ಹದಿನಾರು ಮನೆಯ ಮಾತಿನ ಹಲಗೆ

ಅದು ನನ್ನ ಮೇಜಿಗೆ ಬಂದ ಮೊದಲ ಗಳಿಗೆಯಲ್ಲೇ ನನ್ನನ್ನು ಅರಬ್ಬಿ ಭಾಷೆಯಲ್ಲಿ ಗದರಿಸಿತು. ಬೂದು ಬಣ್ಣದ ಪ್ಲಾಸ್ಟಿಕ್ ಹಲಗೆ, ಶಾಲೆಯ ಸ್ಲೇಟಿನಷ್ಟು ಅಗಲ, ಎರಡು ಬೆರಳು ದಪ್ಪ. ಮುಖದ ಮೇಲೆ ಸಾಲಿಗೆ ನಾಲ್ಕರಂತೆ ಹದಿನಾರು ಮನೆಗಳು, ಮನೆಗೊಂದು ಚಿತ್ರ. ನೀರಿನ ಲೋಟ ಒತ್ತಿದರೆ ಯಾವನೋ ಗಂಡಸು ಗಡಸು ದನಿಯಲ್ಲಿ ನೀರು ಕೇಳುತ್ತಾನೆ. ಹಾಸಿಗೆ ಒತ್ತಿದರೆ ಮಲಗಬೇಕು ಎನ್ನುತ್ತಾನೆ. ಮಾತು ಹೋದವರ ಪರವಾಗಿ ಮಾತನಾಡುವ ಯಂತ್ರವಂತೆ. ಅದನ್ನು ತಂದವರು ಮಾತು ಹೋದ ಹೆಂಗಸು. ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಎದುರು ಟಿ.ವಿ., ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದ ನನ್ನ ಅಂಗಡಿಗೆ ಅಂಥ ವಸ್ತು ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಆಕೆ ಕೋಗಳಿ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಅಕ್ಕೋರು. ನಮ್ಮಲ್ಲಿ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುವುದೇ ರೂಢಿ. ಗಂಟಲಿನ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಯ ಬುಡದಲ್ಲಿ ಉಸಿರಾಟಕ್ಕೊಂದು ತೂತು, ಅದರ ಮೇಲೆ ಬಿಳಿ ಬಟ್ಟೆಯ ತುಂಡು. ಸಿಟ್ಟು ಬಂದರೆ ಆ ಬಟ್ಟೆ ಪಟಪಟ ಅಲುಗುತ್ತಿತ್ತು. ನಾನು ಅವರನ್ನು ಕಂಡ ದಿನಗಳಲ್ಲಿ ಅದು ಅಲುಗದೆ ಇದ್ದದ್ದು ಕಡಿಮೆ.

ಜೊತೆಗೆ ಗಂಡ. ಪಂಚಾಯಿತಿ ಆಫೀಸಿನಲ್ಲಿ ಗುಮಾಸ್ತ. ಅಕ್ಕೋರು ಸಣ್ಣ ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು, ಅದು ನನ್ನ ಕಣ್ಣಿಗೆ ಬೀಳುವ ಮೊದಲೇ ಈತ ಕಸಿದು ಗಟ್ಟಿಯಾಗಿ ಓದುತ್ತಿದ್ದ. ಓದುವುದೆಂದರೆ ಇದ್ದದ್ದನ್ನು ಓದುವುದಲ್ಲ. ಮೂರು ಸಾಲು ಬರೆದರೆ ಒಂದು ಸಾಲು ಓದುತ್ತಿದ್ದ. ಅದೂ ತನಗೆ ಒಪ್ಪಿತವಾದದ್ದು.

"ಇದರಾಗ ಕನ್ನಡ ಹಾಕಿಕೊಡ್ರಿ ಅಂತಾಳ್ರಿ. ಆಗದಿದ್ರ ಬಿಡ್ರಿ ಅಂತಾಳ. ಏನ್ ಅವಸರ ಇಲ್ಲಂತ."

ಅಕ್ಕೋರು ಪುಸ್ತಕವನ್ನು ಕಿತ್ತುಕೊಂಡು ನನ್ನ ಮುಂದೆ ಹಿಡಿದರು. ಅದರಲ್ಲಿ ಇದ್ದದ್ದು ಬೇರೆ. 'ಮೂರು ವಾರದಲ್ಲಿ ಆಗಬೇಕು. ಹೆಡ್ ಮಾಸ್ತರು ನನ್ನ ಮೇಲೆ ಬರೆದು ಹಾಕಿದ್ದಾರೆ. ಶಿಕ್ಷಣ ಇಲಾಖೆಯ ಸಾಹೇಬರು ಬಂದು ಪಾಠ ನೋಡುತ್ತಾರೆ. ಪಾಠ ಮಾಡಲಾರಳು ಎಂದು ಬರೆದರೆ ಮನೆಗೆ ಕಳಿಸುತ್ತಾರೆ. ನಿಮ್ಮಿಂದ ಆಗುತ್ತದೋ ಇಲ್ಲವೋ ಈಗಲೇ ಹೇಳಿ.'

ಗಂಡನ ಮುಖ ನೋಡಿದೆ. ಅವನು ಬಸ್ ಸ್ಟ್ಯಾಂಡಿನ ಕಡೆ ತಿರುಗಿಕೊಂಡ. ಹೆಂಡತಿ ಮನೆಗೆ ಬಂದು ಕೂತರೆ ಅವನಿಗೆ ಬೇಸರವೇನೂ ಇರಲಿಲ್ಲವೆಂದು ಆವತ್ತೇ ಅನ್ನಿಸಿತು. ನನಗೆ ಅವನನ್ನು ಕಂಡರೆ ಮೊದಲ ದಿನದಿಂದಲೇ ಆಗಿಬರಲಿಲ್ಲ. ಆಗುತ್ತದೆ ಎಂದು ಹೇಳಿಬಿಟ್ಟೆ. ಅವನ ಮೇಲಿನ ಹಟಕ್ಕೆ ಹೇಳಿದ ಮಾತು ಅದು, ಯಂತ್ರದ ಒಳಗೆ ಏನಿದೆ ಎಂದು ನೋಡಿ ಹೇಳಿದ್ದಲ್ಲ.

ಹಲಗೆಯನ್ನು ಕಳಿಸಿದವಳು ಅಕ್ಕೋರ ತಂಗಿ, ಕೊಲ್ಲಿ ದೇಶದಲ್ಲಿ ನರ್ಸು. ಅಲ್ಲಿ ರೋಗಿಗಳಿಗೆ ಅಗ್ಗದಲ್ಲಿ ಸಿಗಲೆಂದು ಮಾಡಿದ ಮಾದರಿಯಂತೆ. ಅಗ್ಗಕ್ಕೆ ಕೊಟ್ಟಿದ್ದು ಹೊರದೇಶಕ್ಕೆ ಹೋಗಿ ಮಾರಾಟವಾಗಬಾರದಲ್ಲ, ಅದಕ್ಕೆ ಬೀಗ. ಹಲಗೆಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಅರಬ್ಬಿ, ಇಂಗ್ಲಿಷ್ ಎರಡರಲ್ಲೂ ಬರೆದಿತ್ತು: ಈ ದೇಶದೊಳಗೆ ಮಾತ್ರ ಬಳಸತಕ್ಕದ್ದು. ಪಕ್ಕದ ಸೀಳಿನಲ್ಲಿ ಬೆಂಕಿಪೆಟ್ಟಿಗೆಯಷ್ಟಗಲದ ಒಂದು ಕಾರ್ಡು ಹಾಕಬೇಕು. ಜೊತೆಗೆ ಬಂದದ್ದು ಮಾದರಿ ಕಾರ್ಡು, ಅದರಲ್ಲಿ ಈ ಅರಬ್ಬಿ ಗಂಡಸು. ನಮ್ಮದೇ ಮಾತು ತುಂಬಬೇಕಾದರೆ ಸ್ವಂತ ಧ್ವನಿಯ ಕಾರ್ಡು ಬೇರೆ ಕೊಳ್ಳಬೇಕು. ಅದನ್ನು ಆ ದೇಶದ ಅಂಗಡಿಯಲ್ಲಿ, ಆ ದೇಶದಲ್ಲಿ ವಾಸವಿರುವ ರೋಗಿಯ ಗುರುತಿನ ಚೀಟಿ ನೋಡಿಯೇ ಕೊಡುತ್ತಾರೆ. ತಂಗಿ ಎರಡು ಸಲ ಹೋಗಿ ಕೇಳಿದ್ದಳಂತೆ. ರೋಗಿ ಎಲ್ಲಿ ಎಂದು ಕೇಳಿ ವಾಪಸು ಕಳಿಸಿದ್ದರಂತೆ.

ಬೆಂಗಳೂರಿನಲ್ಲಿ ಅದೇ ಕಂಪನಿಯ ಸಾಮಾನು ಮಾರುವವರ ನಂಬರು ಹುಡುಕಿ ಎಸ್.ಟಿ.ಡಿ. ಮಾಡಿದೆ. ಆ ಕಡೆಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತನಾಡಿದಳು. ಆ ಮಾದರಿ ಇಂಡಿಯಾಕ್ಕೆ ಸಂಬಂಧಿಸಿದ್ದಲ್ಲ ಸರ್, ಅದಕ್ಕೆ ನಾವು ಏನೂ ಮಾಡಲು ಬರುವುದಿಲ್ಲ ಸರ್, ಇಲ್ಲಿಯ ಮಾದರಿಯನ್ನೇ ತೆಗೆದುಕೊಳ್ಳಿ ಸರ್. ಇಲ್ಲಿಯ ಮಾದರಿಗೆ ಅಕ್ಕೋರ ಎಂಟು ತಿಂಗಳ ಪಗಾರ ಬೇಕಿತ್ತು. ನಾನು ಹೇಳಿದೆ, "ತಂಗಿ, ಇಲ್ಲಿ ಒಬ್ಬಾಕಿ ಬಾಯಿ ಹೋಗೇತಿ. ನೀ ಸರ್ ಸರ್ ಅಂತ ಹೇಳೋದು ಬಿಟ್ಟು ಒಳಗ ಯಾವ ಐಸಿ ಐತಿ ಅಷ್ಟು ಹೇಳವ್ವ." ಅದನ್ನು ಹೇಳುವ ಹಾಗಿಲ್ಲ ಸರ್ ಎಂದು ಫೋನು ಇಟ್ಟಳು.

ಬಿಚ್ಚಿದೆ. ಆಗಿನ ಕಲರ್ ಟಿ.ವಿ.ಗಳಲ್ಲಿ ಎಂಟು ಕಾಲಿನ ಒಂದು ಮೆಮೊರಿ ಐಸಿ ಇರುತ್ತಿತ್ತು. ಚಾನೆಲ್, ಬಣ್ಣ, ಸದ್ದು ಎಲ್ಲ ನೆನಪಿಡುವುದು ಅದೇ. ಅದು ಕೆಟ್ಟರೆ ಒಳ್ಳೆಯ ಟಿ.ವಿ.ಯ ಐಸಿಯಿಂದ ಹೊಸದಕ್ಕೆ ನಕಲು ಮಾಡಿ ಹಾಕುತ್ತಿದ್ದೆವು. ನಕಲು ಮಾಡುವ ಸಣ್ಣ ಪೆಟ್ಟಿಗೆ ನನ್ನಲ್ಲಿತ್ತು. ಹಲಗೆಯ ಕಾರ್ಡು ಸೀಳಿ ನೋಡಿದರೆ ಅದೇ ಜಾತಿಯ ಎಂಟು ಕಾಲಿನ ಐಸಿ ಕೂತಿತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ. ದೇಶದ ಗುರುತು ಇರುವುದು ಇದರಲ್ಲೇ, ಇದನ್ನು ನಕಲು ಮಾಡಿ ಒಂದೆರಡು ಅಂಕಿ ಬದಲಿಸಿದರೆ ಧ್ವನಿ ತುಂಬುವ ಬೀಗ ತೆರೆಯುತ್ತದೆ ಎಂದು ಲೆಕ್ಕ ಹಾಕಿದೆ. ಪಕ್ಕದ ಸೈಕಲ್ ಶಾಪಿನವನನ್ನೂ ಕರೆದು ತೋರಿಸಿದೆ. ದೊಡ್ಡಸ್ತಿಕೆ.

ಮೊದಲ ನಕಲು ಹಾಕಿದಾಗ ಕೆಂಪು ದೀಪ ಒಂದು ಸಲ ಮಿನುಗಿತು. ಅಂಕಿ ಬದಲಿಸಿ ಮತ್ತೆ ಹಾಕಿದೆ, ಎರಡು ಸಲ ಮಿನುಗಿತು. ಅದು ನನಗೆ ಎಣಿಸಿ ತೋರಿಸುತ್ತಿದೆ ಎಂದು ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಮೂರನೆಯ ಸಲ ಹಾಕಿದಾಗ ಕೆಂಪು ದೀಪ ಹತ್ತಿಕೊಂಡದ್ದು ಆರಲೇ ಇಲ್ಲ. ಅವರದೇ ಮಾದರಿ ಕಾರ್ಡನ್ನು ಮತ್ತೆ ಬೆಸೆದು ಹಾಕಿದೆ. ಸೆಲ್ಲು ತೆಗೆದು ಒಂದು ದಿನ ಬಿಟ್ಟು ಹಾಕಿದೆ. ಕೆಂಪೇ. ನೀರಿನ ಲೋಟ ಒತ್ತಿದರೆ ಆ ಅರಬ್ಬಿ ಗಂಡಸೂ ಮಾತನಾಡಲಿಲ್ಲ.

ಅಕ್ಕೋರು ಏಳನೆಯ ದಿನ ಬಂದರು. ಸುಳ್ಳು ಹೇಳಲು ಮನಸ್ಸಾಗಿತ್ತು, ಸೆಲ್ ಸರಿಯಿಲ್ಲ, ಬಿಡಿಭಾಗ ಬರಬೇಕು ಅಂತ ನಾವು ಗಿರಾಕಿಗೆ ಹೇಳುವ ಸುಳ್ಳುಗಳಿಗೆ ಬರವೇ? ಆದರೆ ಆ ದೀಪ ನನ್ನ ಮುಖಕ್ಕೆ ನೇರವಾಗಿ ಹತ್ತಿತ್ತು. ಹೇಳಿದೆ. "ಅಕ್ಕೋರೆ, ನನ್ನ ಕೈಯಾಗ ಇದು ಸತ್ತೈತ್ರಿ."

ಅವರು ಬಹಳ ಹೊತ್ತು ಬರೆದರು. ಪೆನ್ನು ಕಾಗದ ಹರಿಯುವ ಹಾಗೆ ಒತ್ತುತ್ತಿತ್ತು. ಗಂಡ ಕಸಿದುಕೊಂಡು ಓದಿದ, "ಇರಲಿ ಬಿಡ್ರಿ, ನಿಮ್ಮ ತಪ್ಪೇನೈತಿ ಅಂತಾಳ್ರಿ." ನಾನು ಪುಸ್ತಕ ಇಸಿದುಕೊಂಡು ನೋಡಿದೆ. 'ಮನೆಯಲ್ಲಿ ಎಲ್ಲರೂ ಆ ಅರಬ್ಬಿ ಮಾತು ಕಲಿತಿದ್ದರು. ಮಗಳು ನೀರು ತಂದುಕೊಡುತ್ತಿದ್ದಳು. ನೀವು ಅದನ್ನೂ ಕೊಂದಿರಿ. ಗೊತ್ತಿಲ್ಲದ ಮೇಲೆ ಗೊತ್ತಿಲ್ಲ ಎನ್ನಬೇಕಿತ್ತು. ಮಕ್ಕಳಿಗೆ ನಾನು ಮೊದಲು ಕಲಿಸುವುದೇ ಅದು.' ಕೊನೆಯಲ್ಲಿ ಇನ್ನೊಂದು ಮಾತಿತ್ತು, ಅಕ್ಕೋರ ಬಾಯಲ್ಲಿ ಬರುವಂಥದ್ದಲ್ಲ. ಇಲ್ಲಿ ಬರೆಯುವುದಿಲ್ಲ. ನನಗೆ ಅದು ಸಲ್ಲಬೇಕಾದದ್ದೇ.

ಅವರು ಹೋದಮೇಲೆ ಆ ಹಲಗೆಯನ್ನು ಎದುರಿಗಿಟ್ಟುಕೊಂಡು ಕೂತೆ. ಎಲ್ಲೋ ಕೂತ ಯಾವನೋ ಒಬ್ಬ, ಈ ಹೆಂಗಸು ಯಾವ ದೇಶದಲ್ಲಿ ವಾಸವಿದ್ದಾಳೆಂದು ನೋಡಿ ಮಾತನಾಡಬೇಕೋ ಬೇಡವೋ ಎಂದು ತೀರ್ಮಾನ ಮಾಡಿದ್ದಾನೆ. ನಾನು ಏಳು ದಿನದಿಂದ ಅವನ ಬಾಗಿಲು ಬಡಿದು ಒಳಗೆ ಬಿಡು, ಒಳಗೆ ಬಿಡು ಎಂದು ಬೇಡುತ್ತಿದ್ದೇನೆ. ಹಾಗೆ ನೋಡಿದರೆ ಅವನ ಹತ್ತಿರ ನನಗೆ ಬೇಕಾದದ್ದು ಏನಿದೆ? ಒಂದು ಡಬ್ಬಿ, ಹದಿನಾರು ಗುಂಡಿ, ಒಂದು ಸ್ಪೀಕರ್, ಸೆಲ್ ಕೂರುವ ಜಾಗ. ಇವು ಯಾವುವಕ್ಕೂ ಬೀಗವಿಲ್ಲ. ಬೀಗ ಇರುವುದು ನಡುವಿನ ಹಸಿರು ಬೋರ್ಡಿಗೆ. ಬೋರ್ಡನ್ನೇ ಕಿತ್ತು ಹಾಕಿದರೆ ಬೀಗವೂ ಅದರ ಜೊತೆಗೇ ಹೋಯಿತು. ಸ್ಕ್ರೂ ಡ್ರೈವರ್ ಎತ್ತಿಕೊಂಡು ಐದು ನಿಮಿಷದಲ್ಲಿ ಕಿತ್ತೆ. ಅಂಗಡಿ ತೆರೆದಂದಿನಿಂದ ರಿಪೇರಿ ಎಂದರೆ ಕೆಟ್ಟದ್ದನ್ನು ಸರಿ ಮಾಡುವುದು ಎಂದುಕೊಂಡಿದ್ದ ನಾನು ಒಂದು ಬಿಡಿಭಾಗವೂ ಸುಡದಿದ್ದ ಬೋರ್ಡೊಂದನ್ನು ಕಸದ ಡಬ್ಬಿಗೆ ಎಸೆದದ್ದು ಅದೇ ಮೊದಲು.

ಮಾತು ಹಿಡಿದಿಡುವ ಚಿಪ್ ಆಗ ಬಂದಿತ್ತು. ಮಾತನಾಡುವ ಗೊಂಬೆಗಳಲ್ಲಿ, ಲಿಫ್ಟುಗಳಲ್ಲಿ ಹಾಕುತ್ತಿದ್ದರು. ತೊಂಬತ್ತು ಸೆಕೆಂಡಿನ ಧ್ವನಿ ಹಿಡಿಯುವ ಒಂದು ಚಿಪ್, ಯಾವ ಗುಂಡಿ ಒತ್ತಿದೆ ಎಂದು ಗುರುತಿಸುವ ಇನ್ನೊಂದು ಐಸಿ, ಎರಡನ್ನೂ ದಾವಣಗೆರೆಯ ಬಿಡಿಭಾಗದ ಅಂಗಡಿಯವನಿಗೆ ಹೇಳಿದೆ. ಅವನು ಬೆಂಗಳೂರಿನಿಂದ ತರಿಸಿಕೊಡಲು ಆರು ದಿನ ತಿಂದ. ಅಷ್ಟರಲ್ಲಿ ಲೆಕ್ಕ ಮಾಡಿದೆ. ತೊಂಬತ್ತು ಸೆಕೆಂಡನ್ನು ಹದಿನಾರು ಮನೆಗೆ ಹಂಚಿದರೆ, ಚಿಪ್ಪಿನ ಒಳಗಿನ ವಿಳಾಸಗಳು ಸರಿಯಾಗಿ ಕೂರಬೇಕಾದರೆ, ಮನೆಗೆ ಐದು ಸೆಕೆಂಡಿಗೂ ಸ್ವಲ್ಪ ಕಡಿಮೆ. ಅಂದರೆ ಅಕ್ಕೋರು ಇನ್ನು ಮುಂದೆ ಶಾಲೆಯಲ್ಲಿ ಏನು ಹೇಳಿದರೂ ಹದಿನಾರೇ ಮಾತು, ಒಂದೊಂದೂ ಐದು ಸೆಕೆಂಡಿನ ಒಳಗೆ.

ಯಾವ ಹದಿನಾರು ಎಂಬುದಕ್ಕೆ ನಡೆದ ಜಗಳದಲ್ಲಿ ಎರಡು ದಿನ ಹೋಯಿತು. ಗಂಡ ಒಂದು ಪಟ್ಟಿ ತಂದಿದ್ದ. 'ನಮಸ್ಕಾರ ಸಾಹೇಬರೇ', 'ನನಗೆ ಏನೂ ತೊಂದರೆ ಇಲ್ಲ', 'ತಮ್ಮ ಆಶೀರ್ವಾದ ಇರಲಿ', ಇಂಥವೇ ಆರು. ಅಕ್ಕೋರು ಆರಕ್ಕೂ ಅಡ್ಡಗೆರೆ ಎಳೆದು ತಮ್ಮ ಪಟ್ಟಿ ಕೊಟ್ಟರು. 'ಗಟ್ಟಿಯಾಗಿ ಓದು.' 'ಮತ್ತೊಮ್ಮೆ.' 'ಬೇರೆ ಯಾರು ಹೇಳ್ತೀರಿ?' 'ಪಕ್ಕದವರಿಗೆ ವಿವರಿಸು.' 'ಬೋರ್ಡಿಗೆ ಬಂದು ಮಾಡಿ ತೋರಿಸು.' ಹೀಗೆ. ಆರನೆಯದು ಒಂದೇ ಒಂದು ಪದ. 'ಯಾಕೆ?'

"ಅಕ್ಕೋರೆ, ಐದು ಸೆಕೆಂಡಿನ ಮನಿಯಾಗ ಒಂದು ಪದ ಇಟ್ರ ದಂಡ ಆಗತೈತ್ರಿ," ಎಂದೆ. "ಅದರ ಜೊತಿಗೆ ಇನ್ನೊಂದು ಮಾತು ಸೇರಸ್ರಿ."

ಅವರು ಬರೆದರು. 'ನೀವು ಎಷ್ಟು ವರ್ಷ ಪಾಠ ಮಾಡಿದ್ದೀರಿ?'

ಆರನೆಯ ಮನೆಗೆ ಆ ಒಂದೇ ಪದವನ್ನು ಗುರುತು ಹಾಕಿಕೊಂಡೆ. ಗಂಡ ಅದನ್ನು ಓದಲಿಲ್ಲ, ಅವನಿಗೂ ಅದರಲ್ಲಿ ಬದಲಿಸಲು ಏನೂ ಸಿಗಲಿಲ್ಲ.

ಧ್ವನಿ ಯಾರದ್ದು? ಅಕ್ಕೋರು ತಮ್ಮ ಮಗಳ ದನಿ ಬೇಡ ಎಂದು ಬರೆದರು. ಮಕ್ಕಳಿಗೆ ಅದು ಗೆಳತಿಯ ದನಿ, ಹೆದರುವುದಿಲ್ಲ. ನಾನು ನನ್ನ ಹೆಂಡತಿಯನ್ನು ಕೇಳದೆಯೇ, ನಮ್ಮಾಕಿ ಹೇಳ್ತಾಳ ತಗೋರಿ ಎಂದುಬಿಟ್ಟೆ. ಅವಳು ಹರಪನಹಳ್ಳಿ ಕಡೆಯವಳು, ಏಳನೆಯ ಕ್ಲಾಸು ಓದಿದವಳು. ಸುದ್ದಿ ತಿಳಿದು ಅಂಗಡಿಗೇ ಬಂದು ನಿಂತಳು.

"ನನ್ನ ಒಂದ್ ಮಾತು ಕೇಳಬೇಕು ಅನ್ನಿಸ್ಲಿಲ್ವಾ ನಿಮಗೆ? ನಾನೇನು ನಿಮ್ಮ ಅಂಗ್ಡಿ ರೇಡಿಯೋನಾ?"

"ಹದಿನಾರು ಮಾತು ಹೇಳಾಕ ಏನ್ ಕಷ್ಟ ನಿನಗ?"

"ಕಷ್ಟದ ಮಾತಲ್ಲ ಇದು," ಎಂದಳು. ಆದರೆ ಅಕ್ಕೋರನ್ನು ನೋಡಿ, ಅವರ ಕುತ್ತಿಗೆಯ ಬಟ್ಟೆ ನೋಡಿ, ಬರುತ್ತೇನೆಂದು ಒಪ್ಪಿದಳು. ನನಗೋಸ್ಕರ ಅಲ್ಲವೆಂದು ಸ್ಪಷ್ಟ ಮಾಡಿಯೇ ಒಪ್ಪಿದಳು.

ಮೊದಲ ಸಲ ಅಂಗಡಿಯಲ್ಲೇ ರೆಕಾರ್ಡ್ ಮಾಡಿದೆವು. ಶಟರ್ ಅರ್ಧ ಇಳಿಸಿ, ಫ್ಯಾನ್ ನಿಲ್ಲಿಸಿ, ಹೆಂಡತಿ ಬೆವರು ಒರೆಸಿಕೊಳ್ಳುತ್ತ ಹದಿನಾರೂ ಹೇಳಿದಳು. ಕೇಳಿ ನೋಡಿದರೆ 'ಗಟ್ಟಿಯಾಗಿ ಓದು' ಎಂಬುದರ ಹಿಂದೆ ಒಬ್ಬ ಬಸ್ ಏಜೆಂಟು ಹಡಗಲಿ ಹಡಗಲಿ ಹಡಗಲಿ ಎಂದು ಕೂಗುತ್ತಿದ್ದಾನೆ. 'ಮತ್ತೊಮ್ಮೆ' ಎಂಬುದರ ಹಿಂದೆ ಬಸ್ಸಿನ ಹಾರನ್. ಅಕ್ಕೋರ ಹೊಟ್ಟೆ ಕುಲುಕುವುದು ಕಂಡಿತು. ನಕ್ಕಿದ್ದೋ ಅತ್ತಿದ್ದೋ ನನಗೆ ತಿಳಿಯಲಿಲ್ಲ, ಶಬ್ದವಿಲ್ಲವಲ್ಲ. ಆಮೇಲೆ ನಮ್ಮ ಮನೆಯ ಒಳಕೋಣೆಯಲ್ಲಿ, ಹೊರಗಿನ ಸದ್ದು ಬಾರದಂತೆ ಹಗ್ಗ ಕಟ್ಟಿ ಸುತ್ತಲೂ ಹೊದೆಯುವ ಕೌದಿ ಇಳಿಬಿಟ್ಟು, ಅದರ ನಡುವೆ ಹೆಂಡತಿಯನ್ನು ಕೂರಿಸಿದೆ. ಒಂದೊಂದು ಮಾತಿಗೂ ಮೂರು ನಾಲ್ಕು ಸಲ ಬೇಕಾಯಿತು. ಅಕ್ಕೋರು ಎದುರು ಕೂತು ಕೈಯಿಂದ ಏರಿಸು, ಇಳಿಸು, ಬಿರುಸಾಯಿತು ಎಂದು ತೋರಿಸುತ್ತಿದ್ದರು. 'ಯಾಕೆ?' ಎಂಬ ಒಂದು ಪದಕ್ಕೆ ಒಂಬತ್ತು ಸಲ. ಹೆಂಡತಿ ಕೇಳಿದರೆ ಅದು ಜಗಳಕ್ಕೆ ಕರೆದ ಹಾಗಿರುತ್ತಿತ್ತು. ಅಕ್ಕೋರಿಗೆ ಬೇಕಿದ್ದದ್ದು ನಿಜವಾಗಿ ಗೊತ್ತಿಲ್ಲದವಳು ಕೇಳುವ ಯಾಕೆ.

ಗುಂಡಿಗಳ ತಂತಿ ಜೋಡಿಸುವಾಗ ಅಡ್ಡಸಾಲು ಉದ್ದಸಾಲು ಅದಲುಬದಲಾಗಿ, ಒಂದು ಮನೆ ಒತ್ತಿದರೆ ಬೇರೆ ಮನೆ ಮಾತನಾಡಿತು. ಮತ್ತೆ ಬೆಸೆಯುವಷ್ಟು ತಾಳ್ಮೆ ಉಳಿದಿರಲಿಲ್ಲ. ಮನೆಗಳ ಮೇಲೆ ಅಂಟಿಸಿದ್ದ ಮಾತಿನ ಚೀಟಿಗಳನ್ನೇ ಅದಲುಬದಲು ಮಾಡಿದೆ. ಸದ್ದು ಸಾಲದೆ, ಹಳೆಯ ಪಾಕೆಟ್ ರೇಡಿಯೋ ಒಂದರ ಆಂಪ್ಲಿಫೈಯರ್ ತೆಗೆದು ಸೇರಿಸಿ, ಕಾಯಿಸಿದ ಬ್ಲೇಡಿನಿಂದ ಬದಿ ಕೊರೆದು ದೊಡ್ಡ ಸ್ಪೀಕರ್ ಕೂರಿಸಿದೆ. ನೋಡಲು ಅಸಹ್ಯವಾಗಿತ್ತು. ಆದರೆ ಅಂಗಡಿಯ ಬಾಗಿಲಲ್ಲಿಟ್ಟು ಒತ್ತಿದರೆ ಬಸ್ ಸ್ಟ್ಯಾಂಡಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಸಾಹೇಬರು ಬರಲು ಎರಡು ದಿನ ಇತ್ತು.

ಆ ದಿನ ನನಗೂ ಬರಹೇಳಿದ್ದರು. ಯಂತ್ರ ಮಾಡಿದವನು ಎದುರಿಗಿರಬೇಕು, ಒಳಗೆ ರೇಡಿಯೋ ಗಿಡಿಯೋ ಏನೂ ಇಲ್ಲವೆಂದು ಹೇಳಬೇಕು ಎಂದು ಹೆಡ್ ಮಾಸ್ತರರ ಅಪ್ಪಣೆ. ನಾನು ಮೂರನೆಯ ಕ್ಲಾಸಿನ ಬಾಗಿಲ ಬಳಿ ಕಳ್ಳನ ಹಾಗೆ ನಿಂತೆ. ಗಂಡ ನನ್ನ ಪಕ್ಕ. ಹಿಂದಿನ ಬೆಂಚಿನಲ್ಲಿ ಸಾಹೇಬರು, ಅವರ ಕಿವಿಯ ಹತ್ತಿರ ಹೆಡ್ ಮಾಸ್ತರು.

ಅಕ್ಕೋರು ಬೋರ್ಡಿನ ಮೇಲೆ ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವ ಲೆಕ್ಕ ಬರೆದರು. ಒತ್ತಿದರು. 'ಬೋರ್ಡಿಗೆ ಬಂದು ಮಾಡಿ ತೋರಿಸು.' ನನ್ನ ಹೆಂಡತಿಯ ದನಿ ಆ ಗೋಡೆಗಳಿಗೆ ಬಡಿದು ಬಂತು. ಒಬ್ಬಳು ಬಂದು ಮೂವತ್ತೈದು ಎಂದು ಬರೆದಳು. ಅಕ್ಕೋರು ತಪ್ಪು ಎನ್ನಲಿಲ್ಲ. ಒತ್ತಿದರು. 'ಯಾಕೆ?'

"ಏಳರಾಗ ಎರಡು ಕಳದ್ರ ಐದ್ರಿ ಅಕ್ಕೋರೆ."

'ಬೇರೆ ಯಾರು ಹೇಳ್ತೀರಿ?' ಇನ್ನೊಬ್ಬಳು ಎದ್ದು, ಎರಡು ಮೇಲೈತಿ, ಏಳು ಕೆಳಗೈತಿ, ತಿರುಗಿಸಿ ಕಳೀಬಾರದು ಎಂದಳು. 'ಯಾಕೆ?' ಎರಡು ರೂಪಾಯಿ ಇಟ್ಕೊಂಡಾಕಿ ಏಳು ರೂಪಾಯಿ ಹೆಂಗ ಕೊಡ್ತಾಳ್ರಿ, ಪಕ್ಕದ ಮನಿಗೆ ಹೋಗಿ ಹತ್ತು ತರಬೇಕು. 'ಪಕ್ಕದವರಿಗೆ ವಿವರಿಸು.' ಕ್ಲಾಸು ಗುಜುಗುಜು ಎಂದಿತು. ಅಕ್ಕೋರು ಬೆಂಚುಗಳ ನಡುವೆ ನಡೆಯುತ್ತ, ಹಲಗೆಯನ್ನು ಮಗುವಿನಂತೆ ಸೊಂಟಕ್ಕೆ ಆನಿಸಿಕೊಂಡು, ನೋಡದೆಯೇ ಒತ್ತುತ್ತಿದ್ದರು. ಅರ್ಧ ಗಂಟೆಯಲ್ಲಿ 'ಯಾಕೆ?' ಎಂಬುದನ್ನು ಎಷ್ಟು ಸಲ ಒತ್ತಿದರೋ ಎಣಿಸಲಿಲ್ಲ. ಉಳಿದ ಹದಿನೈದರಲ್ಲಿ ಎಂಟನ್ನು ಮುಟ್ಟಲೇ ಇಲ್ಲ. ನಾನು ಓದಿದ ಶಾಲೆಯಲ್ಲಿ ಯಾವ ಮಾಸ್ತರೂ ನನ್ನನ್ನು ಒಮ್ಮೆಯೂ ಯಾಕೆ ಎಂದು ಕೇಳಿದ್ದಿಲ್ಲ ಎಂಬುದು ಆಗ ನೆನಪಾಗಿ ಸಿಟ್ಟೂ ಬಂತು.

ಪಾಠ ಮುಗಿದಮೇಲೆ ಹೆಡ್ ಮಾಸ್ತರು ಎದ್ದರು. "ಸರ್, ಇದು ಅಕ್ಕೋರ ದನಿ ಅಲ್ರಿ. ಯಾರೋ ಹಾದಿ ಮ್ಯಾಗಿನ ಹೆಣ್ಮಗಳು ಹೇಳಿದ್ದು. ಸರ್ಕಾರ ಪಗಾರ ಕೊಡೋದು ಇವರಿಗೋ ಆಕಿಗೋ?"

ನಾನು ಒಳಗೆ ನುಗ್ಗಿದೆ. "ಹಾದಿ ಮ್ಯಾಗಿನಾಕಿ ಅಲ್ರಿ, ನನ್ನ ಹೇಣ್ತಿ ಆಕಿ."

"ನೀವು ಹೊರಗ ನಿಂದರ್ರಿ," ಎಂದರು ಸಾಹೇಬರು ನನಗೆ. ಆಮೇಲೆ ಹೆಡ್ ಮಾಸ್ತರರ ಕಡೆ ತಿರುಗಿ, "ಕಳೆಯೋ ಲೆಕ್ಕ ಹುಡುಗರಿಗೆ ತಿಳೀತೋ ಇಲ್ಲೋ?"

"ತಿಳೀತ್ರಿ, ಆದ್ರ..."

"ಹಂಗಾರ ಪಾಠ ಆತಲ್ಲ."

ಗೆದ್ದೆವು ಎಂದುಕೊಂಡೆ. ಹೆಡ್ ಮಾಸ್ತರು ಎಂಥ ಆಸಾಮಿ ಎಂದು ಗೊತ್ತಿರಲಿಲ್ಲ. ಆತ ಕೈ ಕಟ್ಟಿಕೊಂಡು, ದನಿ ತಗ್ಗಿಸಿ, ಬಹಳ ವಿನಯದಿಂದ ಹೇಳಿದ. "ಹಂಗಾರ ಒಂದು ಮಾತ್ರೀ ಸರ್. ಈ ಯಂತ್ರ ಇಲ್ದಿದ್ರ ಪಾಠ ಇಲ್ಲ. ನಾಳೆ ಅಕ್ಕೋರು ಮನ್ಯಾಗ ಮರೆತು ಬಂದ್ರ, ಕೆಡಿಸಿಕೊಂಡ್ರ, ಜವಾಬ್ದಾರಿ ಯಾರ್ದು? ಪಾಠೋಪಕರಣ ಅಂತ ಶಾಲಿ ಸಾಮಾನಿನ ಪುಸ್ತಕಕ್ಕ ಹಚ್ಚಿ, ಸಂಜಿಕ ಬೀರುವಿನ್ಯಾಗ ಇಟ್ಟು ಕೀಲಿ ಹಾಕೋದು ಚಲೋರಿ."

ಭೂಗೋಳ, ನಕಾಶೆ, ಗಂಟೆ, ಕುರ್ಚಿ ಎಲ್ಲ ಬರೆದಿಡುವ ಪುಸ್ತಕ ಅದು. ಶಾಲೆಯಲ್ಲಿ ಏನು ಬಳಸಿದರೂ ಅದರಲ್ಲಿ ಏರಬೇಕು, ಏರಿದ್ದು ಗೇಟು ದಾಟಬಾರದು. ಸಾಹೇಬರು ಕೆಟ್ಟವರಲ್ಲ, ಆದರೆ ಪುಸ್ತಕ ಎಂದ ಕೂಡಲೇ ಅವರ ತಲೆ ಅದರಷ್ಟಕ್ಕೆ ಅದೇ ಆಡಿತು. "ಅದೂ ಖರೇನ," ಎಂದರು. "ಹಚ್ಚಿಬಿಡ್ರಿ. ಅಕ್ಕೋರು ಸಹಿ ಮಾಡ್ಲಿ. ನಾನು ಇವತ್ತ ರಿಪೋರ್ಟ್ ಬರೀತೀನಿ."

ಹೆಡ್ ಮಾಸ್ತರು ಹಲಗೆಯನ್ನು ಬೋರಲು ಹಾಕಿ ಹಿಂದಿನ ಚೀಟಿಯನ್ನು ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರ ನೋಡಿ ಪುಸ್ತಕಕ್ಕೆ ಇಳಿಸಿದ. ಈ ದೇಶದೊಳಗೆ ಮಾತ್ರ ಬಳಸತಕ್ಕದ್ದು ಎಂಬುದನ್ನೂ ಬಿಡಲಿಲ್ಲ. ಸಮುದ್ರದಾಚೆಯ ಬೀಗ ಮುರಿದು ಮೂರು ವಾರ ಬೆನ್ನು ಬಗ್ಗಿಸಿದ್ದು ಈ ಮನುಷ್ಯನ ಬೀರುವಿನ ಬೀಗದ ಒಳಗಿಡಲೆಂದೇ? ಸಂಜೆ ಐದಾದರೆ ಒಬ್ಬ ಹೆಂಗಸಿನ ಮಾತನ್ನು ಸೀಮೆಸುಣ್ಣದ ಡಬ್ಬಿಯ ಪಕ್ಕ ಇಟ್ಟು ಕೀಲಿ ತಿರುಗಿಸುತ್ತಾರೆ!

"ಸಹಿ ಹಾಕಬ್ಯಾಡ್ರಿ ಅಕ್ಕೋರೆ," ಎಂದು ಬಾಗಿಲಿಂದಲೇ ಕೂಗಿದೆ.

ಗಂಡನೂ ಮುಂದೆ ಹೋದ. "ಸರ್, ಈಕಿಗೆ ಮೊದ್ಲಿಂದ ಮನ್ಯಾಗ ಇರಬೇಕು ಅಂತ ಐತ್ರಿ. ಒಪ್ಪಿಗಿ ಇಲ್ಲಂದ್ರ ಬಿಟ್ಟುಬಿಡ್ತಾಳ..."

ಅಕ್ಕೋರು ನಮ್ಮಿಬ್ಬರ ಕಡೆಯೂ ನೋಡಲಿಲ್ಲ. ಪುಸ್ತಕ ಎಳೆದುಕೊಂಡರು, ಪೂರ್ತಿ ಓದಿದರು, ಸಹಿ ಹಾಕಿದರು. ಹಲಗೆಯನ್ನು ತಾವೇ ಬೀರುವಿನಲ್ಲಿಟ್ಟರು. ಹೆಡ್ ಮಾಸ್ತರು ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಹಳ್ಳಿಯ ಬಸ್ಸು ಬರುವುದು ಇನ್ನೂ ತಡವಿತ್ತು. ಕಟ್ಟೆಯ ಮೇಲೆ ಮೂವರೂ ಕೂತೆವು. ನನಗೆ ತಡೆಯಲಾಗಲಿಲ್ಲ. "ನಿಮ್ಮ ಬಾಯನ್ನ ನೀವ ಅವನ ಕೈಯಾಗ ಕೊಟ್ರಿ. ಏನ್ ಮಂದಿರೀ ನೀವು! ನಾನು ಯಾರಿಗೋಸ್ಕರ ಮಾಡಿದೆ ಇದನ್ನ?"

ಅವರ ಕುತ್ತಿಗೆಯ ಬಟ್ಟೆ ಆವತ್ತು ಅಲುಗಲಿಲ್ಲ. ನಿಧಾನವಾಗಿ ಬರೆದು, ಗಂಡನಿಗೆ ಎಟುಕದಂತೆ ನನ್ನ ಕೈಗೇ ಕೊಟ್ಟರು.

'ನೌಕರಿ ಹೋದರೆ ಇನ್ನೊಂದು ಕೊಡುವವರಿಲ್ಲ. ದನಿ ಮಾಡಲು ನಿಮಗೆ ಬರುತ್ತದೆ. ಇನ್ನೊಂದು ಮಾಡಿಕೊಡಿ. ಮನೆಗೆ.'

ನನ್ನ ಅಷ್ಟೂ ಸಿಟ್ಟು ಎಲ್ಲಿ ಹೋಯಿತೋ. ಹೌದಲ್ಲ, ಡಬ್ಬಿಯೊಂದು ಬಿಟ್ಟರೆ ಅದರಲ್ಲಿ ಇದ್ದದ್ದೆಲ್ಲ ದಾವಣಗೆರೆಯ ಅಂಗಡಿಯಲ್ಲಿ ಸಿಗುವಂಥದ್ದು. ಆ ಕಂಪನಿಯಾಗಲಿ ಈ ಹೆಡ್ ಮಾಸ್ತರಾಗಲಿ ಕೀಲಿ ಹಾಕಿದ್ದು ಪ್ಲಾಸ್ಟಿಕ್ಕಿಗೆ. ಮಾಡಿದವನಾದ ನನಗೆ ಹೊಳೆಯದ್ದು ಮಾಡಿಸಿಕೊಂಡವರಿಗೆ ಸಹಿ ಹಾಕುವ ಮೊದಲೇ ಹೊಳೆದಿತ್ತು.

"ಮನಿಗೆ ಯಾವ ಹದಿನಾರು ಮಾತು ಬೇಕ್ರಿ?" ಎಂದು ಕೇಳಿದೆ. ಪಟ್ಟಿ ಆಗಲೇ ತಯಾರಿತ್ತು. ಸಣ್ಣ ಪುಸ್ತಕದ ಕೊನೆಯ ಹಾಳೆ ತೆಗೆದು, ಈ ಸಲ ತಾವಾಗಿಯೇ ಗಂಡನ ಕೈಗೆ ಕೊಟ್ಟು, ಓದು ಎಂದು ಬೆರಳು ತೋರಿಸಿದರು.

ಆತ ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಶುರು ಮಾಡಿದ. "ಒಂದನೇದು. 'ನನ್ನ ಮಾತು ನೀವು ಹೇಳಬ್ಯಾಡ್ರಿ...'"

ಎರಡನೆಯದನ್ನು ಓದಲಿಲ್ಲ. ಬಸ್ಸು ಬರುವವರೆಗೆ ಆ ಹಾಳೆಯನ್ನು ನೋಡುತ್ತಲೇ ಕೂತಿದ್ದ.

ಹತ್ತು ದಿನದಲ್ಲಿ ಇನ್ನೊಂದು ಮಾಡಿದೆ, ಮರದ ಚೌಕಟ್ಟಿಗೆ ಟೆಲಿಫೋನಿನ ಗುಂಡಿಗಳನ್ನು ಕೂರಿಸಿ. ಈ ಸಲ ಹೆಂಡತಿಯನ್ನು ಮೊದಲು ಕೇಳಿದೆ. ಅವಳು ಕೌದಿಗಳ ನಡುವೆ ಹೋಗಿ ಕೂತಳು. ಹಿಂದಿನ ಸಲ ಒಂದೊಂದು ಮಾತಿಗೂ ಮೂರು ನಾಲ್ಕು ಸಲ ತೆಗೆದುಕೊಂಡವಳು, ಮೊದಲನೆಯ ಮಾತನ್ನು ಒಂದೇ ಸಲಕ್ಕೆ, ತಡವರಿಸದೆ, ಸರಿಯಾದ ದನಿಯಲ್ಲಿ ಹೇಳಿ ಮುಗಿಸಿದಳು. ಹೇಳುವಾಗ ನನ್ನನ್ನೇ ನೋಡುತ್ತಿದ್ದಳು.